ಗೋವಿನಜೋಳದ ಧಾರಣೆ, ಎಥೆನಾಲ್ ನೀತಿ ಮತ್ತು ದಾಸ್ತಾನಿನ ಲೆಕ್ಕ

ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲೂಕುಗಳ ಧಾನ್ಯ ವ್ಯಾಪಾರದಲ್ಲಿ ಗೋವಿನಜೋಳಕ್ಕೆ ಮಹತ್ವದ ಸ್ಥಾನವಿದೆ. ಲಕ್ಕಲಕಟ್ಟಿಯಂತಹ ಗ್ರಾಮಗಳ ಮಳೆಯಾಶ್ರಿತ ಹೊಲಗಳಿಂದ ಮಾರುಕಟ್ಟೆಗೆ ಬರುವ ಈ ಫಸಲಿನ ಧಾರಣೆಯನ್ನು ಬಹುಕಾಲ ಮಳೆ, ಆವಕ ಹಾಗೂ ಕೋಳಿ ಆಹಾರ ಮತ್ತು ಸ್ಟಾರ್ಚ್ ತಯಾರಕರ ಬೇಡಿಕೆಗಳೇ ನಿರ್ಧರಿಸುತ್ತಿದ್ದವು. ಈಚಿನ ವರ್ಷಗಳಲ್ಲಿ ಇವುಗಳೊಂದಿಗೆ ಪೆಟ್ರೋಲಿನಲ್ಲಿ ಬೆರೆಸುವ ಎಥೆನಾಲ್ ಸಹ ಸೇರಿಕೊಂಡಿದೆ. 2024ರಲ್ಲಿ ಗೋವಿನಜೋಳ ದುಬಾರಿಯಾಯಿತೆಂದು ಕೋಳಿ ಉದ್ಯಮವು ಆಮದಿಗೆ ಒತ್ತಾಯಿಸಿತು. 2025ರ ನವೆಂಬರ್‌ನಲ್ಲಿ ಬೆಲೆ ಕುಸಿಯಿತೆಂದು ಇದೇ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕುಳಿತರು. ಇಷ್ಟು ಅಲ್ಪಾವಧಿಯಲ್ಲಿ ಪರಿಸ್ಥಿತಿ ತಲೆಕೆಳಗಾದುದೇಕೆ ಎಂಬುದನ್ನು ತಿಳಿಯಲು, ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಬರ್ಕ್ಲಿ) ಕೃಷಿ ಅರ್ಥಶಾಸ್ತ್ರಜ್ಞ ಬ್ರಯಾನ್ ರೈಟ್ ಅವರ ಸಂಶೋಧನೆ ಸಹಾಯಕವಾಗಿದೆ.

ದಾಸ್ತಾನೇ ಧಾರಣೆಯ ಆಧಾರ

ಧಾನ್ಯದ ಬೆಲೆಯ ಏರಿಳಿತದಲ್ಲಿ ದಾಸ್ತಾನಿನ ಪಾತ್ರವನ್ನು ರೈಟ್ ದಶಕಗಳ ಕಾಲ ಅಭ್ಯಸಿಸಿದ್ದಾರೆ. ಅವರ ವಾದದ ತಿರುಳು ವ್ಯಾಪಾರಸ್ಥರಿಗೆ ಅಪರಿಚಿತವೇನಲ್ಲ. ಗೋದಾಮುಗಳಲ್ಲಿ ಸಾಕಷ್ಟು ಮಾಲು ಇರುವಾಗ ಒಂದು ಮಳೆ ಕೈಕೊಟ್ಟರೂ ಧಾರಣೆ ವಿಪರೀತ ಏರುವುದಿಲ್ಲ. ಕೊರತೆಯನ್ನು ದಾಸ್ತಾನು ತುಂಬಿಕೊಡುತ್ತದೆ. ಆದರೆ ಬರುವ ವರ್ಷದ ಬೆಳೆಯನ್ನು ಈ ವರ್ಷಕ್ಕೆ ಕಡ ತರುವುದು ಸಾಧ್ಯವಿಲ್ಲ. ದಾಸ್ತಾನು ಬರಿದಾದಾಗ ಅಲ್ಪ ಕೊರತೆಯೂ ಬೆಲೆಯನ್ನು ಬಹಳ ಮೇಲಕ್ಕೊಯ್ಯುತ್ತದೆ. ಯಾರಾದರೊಬ್ಬರು ಬಳಕೆಯನ್ನು ಕಡಿಮೆ ಮಾಡುವವರೆಗೂ ಏರಿಕೆ ನಿಲ್ಲುವುದಿಲ್ಲ.

2007-08ರಲ್ಲಿ ಜಗತ್ತಿನಾದ್ಯಂತ ಧಾನ್ಯದ ಬೆಲೆಗಳು ಏರಿದಾಗ ಸಟ್ಟಾ ವ್ಯಾಪಾರವನ್ನೂ ಚೀನಾ ಮತ್ತು ಭಾರತಗಳ ಹೆಚ್ಚಿದ ಬಳಕೆಯನ್ನೂ ಹಲವರು ದೂರಿದರು. 2014ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ರೈಟ್ ಈ ಕಾರಣಗಳನ್ನು ಒಪ್ಪದೆ, ಜೈವಿಕ ಇಂಧನಕ್ಕಾಗಿ ಸರಕಾರಗಳು ಕಾನೂನಿನ ಮೂಲಕ ಸೃಷ್ಟಿಸಿದ ಬೇಡಿಕೆಯತ್ತ ಬೊಟ್ಟು ಮಾಡಿದರು. ಅಮೆರಿಕದ 2007ರ ಕಾನೂನು ಗೋವಿನಜೋಳದ ಎಥೆನಾಲ್ ಬಳಕೆಯನ್ನು ವರ್ಷಕ್ಕೆ 1,500 ಕೋಟಿ ಗ್ಯಾಲನ್‌ಗಳವರೆಗೆ ಹೆಚ್ಚಿಸಲು ದಾರಿ ಮಾಡಿಕೊಟ್ಟಿತು. ಸಾಮಾನ್ಯ ಗಿರಾಕಿ ಬೆಲೆ ಏರಿದಾಗ ಖರೀದಿ ಕಡಿಮೆ ಮಾಡುತ್ತಾನೆ. ಕಾನೂನಿನ ಬೇಡಿಕೆಗೆ ಆ ಗುಣವಿಲ್ಲ. ಆದುದರಿಂದ ಹೊಂದಾಣಿಕೆಯ ಸಂಪೂರ್ಣ ಹೊರೆ ಆಹಾರ ಮತ್ತು ಪಶು ಆಹಾರದ ಖರೀದಿದಾರರ ಮೇಲೆ ಬೀಳುತ್ತದೆ.

ಭಾರತದ ಅನುಭವ

ಭಾರತದ 2018ರ ಜೈವಿಕ ಇಂಧನ ನೀತಿಯು 2030ರೊಳಗೆ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನಿರಿಸಿತು. 2022ರ ತಿದ್ದುಪಡಿ ಅದನ್ನು 2025-26ಕ್ಕೆ ಹಿಂದೂಡಿ ಅವಧಿಯನ್ನು ಕಿರಿದುಗೊಳಿಸಿತು. ಮೊದಲು ಈ ಭಾರವನ್ನು ಹೊತ್ತದ್ದು ಕಬ್ಬು. 2023ರ ಜುಲೈನಲ್ಲಿ ಭಾರತ ಆಹಾರ ನಿಗಮವು ಡಿಸ್ಟಿಲರಿಗಳಿಗೆ ಅಕ್ಕಿ ಪೂರೈಕೆಯನ್ನು ನಿಲ್ಲಿಸಿತು. ಅದೇ ಡಿಸೆಂಬರ್‌ನಲ್ಲಿ ಕಬ್ಬಿನ ರಸದ ಬಳಕೆಗೆ ಕಡಿವಾಣ ಬಿದ್ದಿತು. 2024ರ ಜನವರಿಯಲ್ಲಿ ತೈಲ ಕಂಪನಿಗಳು ಗೋವಿನಜೋಳದ ಎಥೆನಾಲ್ ದರವನ್ನು ಲೀಟರಿಗೆ 71.86 ರೂಪಾಯಿಗೆ ಏರಿಸಿದವು. ಆ ಸಾಲಿನಲ್ಲಿ ಗೋವಿನಜೋಳವೇ ಎಥೆನಾಲಿನ ಅತಿ ದೊಡ್ಡ ಮೂಲವಾಯಿತು. ಬಹುಕಾಲ ರಫ್ತುದಾರನಾಗಿದ್ದ ದೇಶವು 2024ರಲ್ಲಿ ಸುಮಾರು 5 ಲಕ್ಷ ಟನ್ ಗೋವಿನಜೋಳವನ್ನು ರಿಯಾಯಿತಿ ಸುಂಕದಲ್ಲಿ ಆಮದು ಮಾಡಿಕೊಳ್ಳಲು ಅನುಮತಿ ನೀಡಬೇಕಾಯಿತು.

ಉತ್ತಮ ಧಾರಣೆಯನ್ನು ಕಂಡ ರೈತರು 2025ರಲ್ಲಿ ಬಿತ್ತನೆಯನ್ನು ವಿಸ್ತರಿಸಿದರು. ಆದರೆ ಅಷ್ಟರಲ್ಲಿ ನೀತಿಯ ದಿಕ್ಕು ಬದಲಾಗಿತ್ತು. 2025ರ ಜನವರಿಯಲ್ಲಿ ನಿಗಮದ ಅಕ್ಕಿಯ ದರವನ್ನು ಡಿಸ್ಟಿಲರಿಗಳಿಗಾಗಿ ಕ್ವಿಂಟಲ್‌ಗೆ 2,800 ರೂಪಾಯಿಯಿಂದ 2,250 ರೂಪಾಯಿಗೆ ಇಳಿಸಲಾಯಿತು. ಶೇ. 20ರ ಗುರಿಯೂ ಅದೇ ವರ್ಷ ತಲುಪಿದ್ದರಿಂದ ಬೇಡಿಕೆಯ ವೇಗದ ಬೆಳವಣಿಗೆ ಕೊನೆಗೊಂಡಿತು. 2025-26ರ ಸಾಲಿಗೆ ಉತ್ಪಾದಕರು 1,776 ಕೋಟಿ ಲೀಟರ್ ನೀಡಲು ಮುಂದಾದರೆ, ತೈಲ ಕಂಪನಿಗಳು ಹಂಚಿದ್ದು ಸುಮಾರು 1,048 ಕೋಟಿ ಲೀಟರ್ ಮಾತ್ರ. ಕರ್ನಾಟಕದಲ್ಲಿ 2,400 ರೂಪಾಯಿ ಬೆಂಬಲ ಬೆಲೆಯ ಎದುರು ಮಾರುಕಟ್ಟೆ ಧಾರಣೆ 1,600ರಿಂದ 1,800 ರೂಪಾಯಿಗೆ ಇಳಿಯಿತು. ಕಾನೂನಿನ ಬೇಡಿಕೆ ಬೆಳೆಯುವಾಗ ಬೆಲೆಯನ್ನು ಮೇಲೆತ್ತುತ್ತದೆ, ನಿಂತಾಗ ಆಸರೆಯನ್ನು ಕಳಚುತ್ತದೆ ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಡಿಸ್ಟಿಲರಿಯ ಲೆಕ್ಕ

ಒಂದು ಟನ್ ಗೋವಿನಜೋಳದಿಂದ ಸುಮಾರು 380 ಲೀಟರ್ ಎಥೆನಾಲ್ ದೊರೆಯುತ್ತದೆ. ದಿನಕ್ಕೆ 60,000 ಲೀಟರ್ ಸಾಮರ್ಥ್ಯದ ಘಟಕಕ್ಕೆ ಸುಮಾರು 158 ಟನ್, ಅಂದರೆ 15 ಟನ್ನಿನ ಹತ್ತಕ್ಕೂ ಹೆಚ್ಚು ಲಾರಿಗಳ ಮಾಲು ಪ್ರತಿದಿನ ಬೇಕಾಗುತ್ತದೆ. ಇಂತಹ ಒಂದು ಘಟಕ ಚಾಲನೆಗೊಳ್ಳುವುದು ಅಥವಾ ಸ್ಥಗಿತಗೊಳ್ಳುವುದು ಸುತ್ತಲಿನ ಮಾರುಕಟ್ಟೆಗಳ ಧಾರಣೆಯನ್ನು ಕದಲಿಸಬಲ್ಲದು.

ಒಂದು ಕ್ವಿಂಟಲಿನ ಎಥೆನಾಲ್, 71.86 ರೂಪಾಯಿ ದರದಲ್ಲಿ, ಸುಮಾರು 2,730 ರೂಪಾಯಿ ತರುತ್ತದೆ. ಇದರಲ್ಲಿ ಉರುವಲು, ಕೂಲಿ, ಸಾಗಾಣಿಕೆ ಮತ್ತು ಬಡ್ಡಿಯನ್ನು ಕಳೆಯಬೇಕು. ಉಳಿಯುವ ಒಣ ಹಿಂಡಿಯ (ಡಿಡಿಜಿಎಸ್) ಮಾರಾಟದ ಹಣವನ್ನು ಕೂಡಿಸಬೇಕು. ಆಗ ದೊರೆಯುವ ಮೊತ್ತವೇ ಡಿಸ್ಟಿಲರಿಯು ಕೊಡಬಲ್ಲ ಗರಿಷ್ಠ ಧಾರಣೆ. ಎಥೆನಾಲ್ ದರ ನಿಗದಿತವಾಗಿರುವವರೆಗೆ ಈ ಮಿತಿಯನ್ನು ದಾಟಿ ಖರೀದಿಸುವುದು ಅದಕ್ಕೆ ಲಾಭಕರವಲ್ಲ.

ಪಶು ಆಹಾರ ತಯಾರಕರಿಗೆ ಈ ಹಿಂಡಿ ಇನ್ನೊಂದು ಮುಖವನ್ನು ತೋರಿಸುತ್ತದೆ. ಧಾನ್ಯ ದುಬಾರಿಯಾದಾಗ ಪ್ರೋಟೀನ್ ಅಂಶವುಳ್ಳ ಹಿಂಡಿ ಅಗ್ಗವಾಗಿ ಸಿಗಬಹುದು. ಇದೇ ಕಾರಣದಿಂದ ಸೋಯಾ ಹಿಂಡಿಯ ಧಾರಣೆಯ ಮೇಲೂ ಒತ್ತಡ ಬಿದ್ದಿದೆ. ಆದರೆ ಧಾನ್ಯದಲ್ಲಿರುವ ಅಫ್ಲಾಟಾಕ್ಸಿನ್ ಹಿಂಡಿಯಲ್ಲಿ ಸಾಂದ್ರಗೊಳ್ಳುವುದರಿಂದ ಪರೀಕ್ಷೆಯಿಲ್ಲದೆ ಖರೀದಿಸುವುದು ಸೂಕ್ತವಲ್ಲ.

ವ್ಯಾಪಾರಸ್ಥರು ಗಮನಿಸಬೇಕಾದ ಅಂಶಗಳು

ಎಥೆನಾಲ್ ವರ್ಷವು ನವೆಂಬರ್‌ನಲ್ಲಿ ಆರಂಭವಾಗುತ್ತದೆ. ಮುಂಗಾರಿ ಗೋವಿನಜೋಳದ ಆವಕವೂ ಸರಿಸುಮಾರು ಅದೇ ವೇಳೆಗೆ ಹೆಚ್ಚುತ್ತದೆ. ಆದುದರಿಂದ ಮಾಲು ಹಿಡಿದಿಡುವ ಮುನ್ನ ಮೂರು ವಿಷಯಗಳನ್ನು ತಿಳಿಯುವುದು ಅವಶ್ಯಕ: ತೈಲ ಕಂಪನಿಗಳ ಹಂಚಿಕೆಯಲ್ಲಿ ಗೋವಿನಜೋಳದ ಪಾಲೆಷ್ಟು, ಡಿಸ್ಟಿಲರಿಗಳಿಗೆ ನಿಗಮದ ಅಕ್ಕಿ ಯಾವ ದರದಲ್ಲಿ ದೊರೆಯುತ್ತಿದೆ, ಕಬ್ಬಿನ ರಸದ ಬಳಕೆಗೆ ನಿರ್ಬಂಧವಿದೆಯೇ. ಇವುಗಳೊಂದಿಗೆ ಹಿಂದಿನ ಸಾಲಿನ ಉಳಿಕೆ ದಾಸ್ತಾನನ್ನೂ ಅಂದಾಜಿಸಬೇಕು. ದಾಸ್ತಾನು ತೆಳುವಾಗಿದ್ದಾಗ ಸಣ್ಣ ಸುದ್ದಿಯೂ ಧಾರಣೆಯನ್ನು ಹಾರಿಸುತ್ತದೆ. ತುಂಬಿರುವಾಗ ದೊಡ್ಡ ಸುದ್ದಿಯೂ ಅದನ್ನು ಅಷ್ಟಾಗಿ ಅಲುಗಿಸದು.

ರೈಟ್ ಒಂದು ಪರಿಹಾರವನ್ನೂ ಸೂಚಿಸಿದ್ದಾರೆ. ಧಾನ್ಯದ ಅಭಾವ ತೀವ್ರವಾದಾಗ ಇಂಧನಕ್ಕೆ ಮೀಸಲಾದ ಧಾನ್ಯವನ್ನು ಆಹಾರಕ್ಕೆ ಬಿಟ್ಟುಕೊಡುವಂತೆ ಉತ್ಪಾದಕರೊಂದಿಗೆ ಮುಂಚಿತವಾಗಿಯೇ ಕರಾರು ಮಾಡಿಕೊಳ್ಳುವುದು ಅದರ ಸಾರ. ಭಾರತದಲ್ಲಿ ಇಂತಹ ಬದಲಾವಣೆಗಳು ಹಂಗಾಮಿನ ನಡುವೆ ಹೊರಡುವ ಆದೇಶಗಳ ಮೂಲಕ ನಡೆದಿವೆ. ಬಿತ್ತುವ ಮುನ್ನ ರೈತನಿಗೂ, ಬಂಡವಾಳ ತೊಡಗಿಸುವ ಮುನ್ನ ವ್ಯಾಪಾರಿಗೂ, ಕಚ್ಚಾಮಾಲಿನ ಕರಾರಿಗೆ ಮುನ್ನ ಸಣ್ಣ ಕೈಗಾರಿಕೆಗೂ ನಿಯಮಗಳು ತಿಳಿದಿದ್ದರೆ ನಷ್ಟದ ಸಂಭವ ಗಣನೀಯವಾಗಿ ತಗ್ಗುತ್ತದೆ. ವಾಣಿಜ್ಯೋದ್ಯಮ ಸಂಸ್ಥೆಗಳು ಸರಕಾರದ ಮುಂದಿಡಬಹುದಾದ ನ್ಯಾಯಸಮ್ಮತ ಬೇಡಿಕೆ ಇದಾಗಿದೆ.