ರಾಜೇಶ್ವರದಿಂದ ಬೆಂಗಳೂರಿಗೆ: ವಿಮಾನದ ದೂರ, ಪ್ರಯಾಣದ ಹೊತ್ತು

ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯಲ್ಲಿ, ಹುಮನಾಬಾದ್ ಮತ್ತು ಬಸವಕಲ್ಯಾಣಗಳ ನಡುವೆ ಇರುವ ಊರು ರಾಜೇಶ್ವರ. ಇಲ್ಲಿಯವರು ವಿಮಾನ ಹಿಡಿಯಲು ಬೀದರ್, ಕಲಬುರಗಿ ಅಥವಾ ಹೈದರಾಬಾದಿನ ಶಂಷಾಬಾದಿಗೆ ಹೋಗಬೇಕು. ಮೂರರಲ್ಲಿ ಬೀದರ್ ಹತ್ತಿರ. ರಸ್ತೆಯಲ್ಲಿ ಸುಮಾರು 60 ಕಿ.ಮೀ.

ದೂರ ಎಷ್ಟು?

ಬೀದರ್ ಮತ್ತು ಬೆಂಗಳೂರಿನ ವಿಮಾನ ನಿಲ್ದಾಣಗಳ ರೇಖಾಂಶ ಹೆಚ್ಚುಕಡಿಮೆ ಒಂದೇ. ಒಂದು ಉತ್ತರಕ್ಕಿದ್ದರೆ ಇನ್ನೊಂದು ನೇರ ದಕ್ಷಿಣಕ್ಕೆ. ಹಾಗಾಗಿ ದೊಡ್ಡ ಗಣಿತವೇನೂ ಬೇಡ, ಕಳೆಯುವ ಲೆಕ್ಕ ಸಾಕು. ಬೀದರಿನ ಅಕ್ಷಾಂಶ ಸುಮಾರು 17 ಡಿಗ್ರಿ 54 ನಿಮಿಷ, ಬೆಂಗಳೂರಿನ ನಿಲ್ದಾಣವಿರುವ ದೇವನಹಳ್ಳಿಯದು 13 ಡಿಗ್ರಿ 12 ನಿಮಿಷ. ವ್ಯತ್ಯಾಸ 4 ಡಿಗ್ರಿ 42 ನಿಮಿಷ, ಅಂದರೆ 282 ನಿಮಿಷ. ಅಕ್ಷಾಂಶದ ಒಂದು ನಿಮಿಷಕ್ಕೆ ಒಂದು ನಾಟಿಕಲ್ ಮೈಲಿ, ಅದು 1.852 ಕಿ.ಮೀ. ಗುಣಿಸಿದರೆ ಸುಮಾರು 520 ಕಿ.ಮೀ. ರಸ್ತೆಯ ದೂರವಾದರೋ 600 ಕಿ.ಮೀ. ದಾಟುತ್ತದೆ.

ಹೊತ್ತು ಎಷ್ಟು?

ಸಣ್ಣ ಊರುಗಳಿಗೆ ಹಾರುವ ಎಟಿಆರ್ ವಿಮಾನದ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಲೆಕ್ಕದ ಪ್ರಕಾರ ಒಂದು ಗಂಟೆ ಸಾಕು. ಆದರೆ ರನ್‌ವೇವರೆಗೆ ಸಾಗುವುದು, ಮೇಲೇರುವುದು, ಸರದಿ ಕಾದು ಇಳಿಯುವುದು ಎಲ್ಲ ಸೇರಿ ವೇಳಾಪಟ್ಟಿಯಲ್ಲಿ ಒಂದೂವರೆ ಗಂಟೆಯಾಗುತ್ತದೆ. ರಾಜೇಶ್ವರದಿಂದ ಬೀದರಿಗೆ ಒಂದೂವರೆ ಗಂಟೆ, ತಪಾಸಣೆಗೆಂದು ಮುಂಚೆ ತಲುಪಲು ಇನ್ನೊಂದೂವರೆ, ದೇವನಹಳ್ಳಿಯಿಂದ ನಗರದೊಳಗೆ ಮತ್ತೊಂದೂವರೆ. ಒಟ್ಟು ಆರು ಗಂಟೆ. ಅದರಲ್ಲಿ ವಿಮಾನದ ಪಾಲು ಕಾಲು ಭಾಗ ಮಾತ್ರ. ಜೆಟ್ ವಿಮಾನ ಇನ್ನೂ ವೇಗವಾಗಿ ಹೋದರೂ ಉಳಿಯುವುದು ಅರ್ಧ ಗಂಟೆಯಷ್ಟೆ, ಏಕೆಂದರೆ ಉಳಿದ ಮುಕ್ಕಾಲು ಭಾಗ ನೆಲದ ಮೇಲೆಯೇ ಕಳೆಯುತ್ತದೆ. ಆದರೂ ಇಡೀ ರಾತ್ರಿಯ ಬಸ್ ಪ್ರಯಾಣಕ್ಕೆ ಹೋಲಿಸಿದರೆ ಇದು ಅರ್ಧ.

150 ಕಿ.ಮೀ. ನಿಯಮ

ಬೀದರಿನಿಂದ ಪ್ರಯಾಣಿಕರ ವಿಮಾನ ಹಾರಲು ಮೊದಲು ಒಂದು ತೊಡಕಿತ್ತು. 2008ರಲ್ಲಿ ತೆರೆದ ಶಂಷಾಬಾದ್ ನಿಲ್ದಾಣದ ಒಪ್ಪಂದದಲ್ಲಿ ಒಂದು ಷರತ್ತಿದೆ: 25 ವರ್ಷ ತುಂಬುವವರೆಗೆ ಸುತ್ತಲಿನ 150 ಕಿ.ಮೀ. ವೈಮಾನಿಕ ದೂರದೊಳಗೆ ಬೇರೆ ನಾಗರಿಕ ನಿಲ್ದಾಣ ಬರಬಾರದು. ಬೀದರ್ ಅಲ್ಲಿಂದ ನೇರ ದೂರದಲ್ಲಿ ಸುಮಾರು 125 ಕಿ.ಮೀ. ವಾಯುಪಡೆಯ ರನ್‌ವೇ ಮೊದಲೇ ಇದ್ದರೂ, ಪ್ರಯಾಣಿಕರ ವಿಮಾನ ಇಳಿಯಲು ಹೈದರಾಬಾದ್ ನಿಲ್ದಾಣದ ಕಂಪನಿಯ ಒಪ್ಪಿಗೆ ಬೇಕಾಯಿತು. ಕೊನೆಗೆ, ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಒದಗಿಸುವ ಉಡಾನ್ ಯೋಜನೆಯಡಿ 2020ರ ಫೆಬ್ರುವರಿ 7ರಂದು ಬೆಂಗಳೂರು–ಬೀದರ್ ವಿಮಾನ ಹಾರಿತು. ಆ ಬಳಿಕ ಸೇವೆ ನಿಂತದ್ದೂ ಉಂಟು, ಕಂಪನಿ ಬದಲಾದದ್ದೂ ಉಂಟು. 2023ರ ಕೊನೆಗೆ ನಿಂತದ್ದು 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು.

ಆದ್ದರಿಂದ ಟಿಕೆಟ್ ಕೊಳ್ಳುವ ಮುನ್ನ ಎರಡು ಸಂಗತಿ ನೋಡಿಕೊಳ್ಳಿ: ಆ ದಿನ ಬೀದರಿನಿಂದ ವಿಮಾನ ಇದೆಯೇ, ಮನೆಯಿಂದ ಮನೆಗೆ ಒಟ್ಟು ಎಷ್ಟು ಗಂಟೆ. ವಾರಕ್ಕೆ ಕೆಲವೇ ದಿನ ಹಾರುವ ವಿಮಾನಕ್ಕೆ ಎರಡು ದಿನ ಕಾಯುವುದಾದರೆ, ಇವತ್ತು ರಾತ್ರಿಯ ಬಸ್ಸೇ ಬೇಗ ಮುಟ್ಟಿಸುತ್ತದೆ.