ಪುಟ್ಟ ತೊಟ್ಟಿಗೆ ಎಂಥ ಮೀನು?

ಈಗ ನಮ್ಮ ಕಡೆಯ ಊರುಗಳಲ್ಲೂ ಹೊಸ ಮನೆಗೆ ಹೋದರೆ ಪಡಸಾಲೆಯಲ್ಲಿ ಟಿವಿಯ ಪಕ್ಕಕ್ಕೊಂದು ಗಾಜಿನ ಮೀನಿನ ತೊಟ್ಟಿ ಕಾಣುವುದು ಸಾಮಾನ್ಯವಾಗಿದೆ. ಕೂಡ್ಲಿಗಿಯಿರಲಿ, ಕೊಟ್ಟೂರಿರಲಿ, ಹಡಗಲಿಯಿರಲಿ, ಮಗನ ಹುಟ್ಟುಹಬ್ಬಕ್ಕೆಂದೋ, ವಾಸ್ತು ನೋಡಿದವರು ಹೇಳಿದರೆಂದೋ, ಹೊಸಪೇಟೆಗೋ ದಾವಣಗೆರೆಗೋ ಹೋದಾಗ ಕೊಂಡು ತರುತ್ತಾರೆ. ಮೀನು ತಿನ್ನದ ಮನೆಯವರೂ ಇಡುತ್ತಾರೆ. ಅತ್ತೆಯವರು ಮೊದಲು ಮೂಗು ಮುರಿದರೂ ನಾಲ್ಕು ದಿನಕ್ಕೆ ಅವರೇ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ! ಆದರೆ ತಂದ ತಿಂಗಳೊಳಗೆ ಒಂದೊಂದೇ ಮೀನು ಹೊಟ್ಟೆ ಮೇಲಾಗಿ ತೇಲಿ, ಮಕ್ಕಳು ಅತ್ತು, ಕೊನೆಗೆ ಬರಿದಾದ ತೊಟ್ಟಿ ಅಟ್ಟ ಸೇರಿದ ಮನೆಗಳೂ ಬೇಕಾದಷ್ಟಿವೆ. "ದೃಷ್ಟಿ ತಾಕಿತು" ಅನ್ನುತ್ತಾರೆ. ಬಹಳ ಸಲ ದೃಷ್ಟಿಯೂ ಅಲ್ಲ, ರೋಗವೂ ಅಲ್ಲ. ಮೀನಿಗೆ ಜಾಗ ಸಾಲದೇ ಹೋಗಿರುತ್ತದೆ, ಅಷ್ಟೆ.

ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಡುವವು ಹೆಚ್ಚಾಗಿ ಮರಿಗಳು. ಬೆಳೆಯೋ ಹುಡುಗಿಗೆ ಲಂಗ ಹೊಲಿಸುವಾಗ ನಾವು ಒಂದು ಮಡಿಕೆ ಹೆಚ್ಚು ಬಿಡಿಸುತ್ತೇವಲ್ಲ, ಮೀನಿನ ವಿಷಯದಲ್ಲಿ ಮಾತ್ರ ಆ ಬುದ್ಧಿ ಮರೆತುಹೋಗುತ್ತದೆ. ಎರಡು ಇಂಚಿನ ಗೋಲ್ಡ್ ಫಿಶ್ ಚೆನ್ನಾಗಿ ಸಾಕಿದರೆ ಆರರಿಂದ ಎಂಟು ಇಂಚಿಗೆ ಬರುತ್ತದೆ, ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಬೆಳ್ಳಿಯಂತೆ ಹೊಳೆಯುವ ಸಿಲ್ವರ್ ಶಾರ್ಕ್ ಒಂದಡಿ ದಾಟುತ್ತದೆ. ಆಸ್ಕರ್ ಮೀನೂ ಒಂದಡಿ. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುತ್ತದೆಂದು ಕೊಡುವ ಸಕ್ಕರ್ ಮೀನು ಒಂದೂವರೆ ಅಡಿವರೆಗೆ ಬೆಳೆಯುವುದುಂಟು.

"ತೊಟ್ಟಿ ಸಣ್ಣದಿದ್ರ ಮೀನೂ ಸಣ್ಣವೇ ಉಳಿತಾವ್ರೀ ಅಕ್ಕಾರ" ಎಂದು ಕೆಲವು ಅಂಗಡಿಯವರು ಧೈರ್ಯ ಹೇಳುತ್ತಾರೆ. ಅದನ್ನು ನಂಬಬೇಡಿ. ಕೆಟ್ಟ ನೀರಿನಲ್ಲಿ ಮೀನಿನ ಬೆಳವಣಿಗೆ ಕುಂಠಿತವಾಗುವುದು ನಿಜ. ಆದರೆ ಅದು ಹೊಟ್ಟೆಗಿಲ್ಲದ ಕೂಸು ಸೊರಗಿದ ಹಾಗೆ. ಬೆನ್ನು ಬಾಗಿ, ಬಣ್ಣ ಮಾಸಿ, ಅಕಾಲದಲ್ಲಿ ಸಾಯುತ್ತದೆ.

ಮೊದಲು ಮನೆಯಲ್ಲಿರುವ ತೊಟ್ಟಿಯ ಲೆಕ್ಕ ಹಾಕಿಕೊಳ್ಳಿ. ಉದ್ದ, ಅಗಲ, ಎತ್ತರ ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ 56 ಲೀಟರ್. ಕೆಳಗಿನ ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾದ ನೀರು ಸುಮಾರು 45 ಲೀಟರ್. ಒಂದು ಇಂಚು ಮೀನಿಗೆ ನಾಲ್ಕು ಲೀಟರ್ ನೀರು ಎಂಬುದು ಬಹಳ ಕಾಲದಿಂದ ಬಂದ ಅಂದಾಜು. ಇಂಚು ಎಂದರೆ ಬೆಳೆದ ಮೇಲಿನ ಇಂಚು, ತರುವ ದಿನದ್ದಲ್ಲ. ಆ ಪ್ರಕಾರ ಈ ತೊಟ್ಟಿಗೆ ಹೆಚ್ಚೆಂದರೆ ಹನ್ನೊಂದು ಇಂಚು ಮೀನು.

ಈಗ ಎಂಟು ಕೆಂಪು, ಒಂದು ಕಪ್ಪು ಗೋಲ್ಡ್ ಫಿಶ್ ಇಟ್ಟರೆ ಮನೆಗೆ ಒಳ್ಳೆಯದೆನ್ನುತ್ತಾರಲ್ಲ, ಆ ಲೆಕ್ಕ ನೋಡಿ. ಒಂಬತ್ತು ಮೀನು ಆರಾರು ಇಂಚು ಬೆಳೆದರೂ 54 ಇಂಚು, ಅಂದರೆ 216 ಲೀಟರ್ ನೀರು. ಅದೂ ಸಾಲುವುದಿಲ್ಲ. ಯಾಕೆಂದರೆ ಈ ಅಂದಾಜು ಸಣ್ಣ, ತೆಳ್ಳಗಿನ ಮೀನುಗಳಿಗೆ ಮಾತ್ರ. ಶೇಂಗಾ ಉಂಡಿ ಕಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಂಡಿಯ ಅಗಲ ಎರಡರಷ್ಟಾದರೆ ಹಿಟ್ಟು ಎರಡರಷ್ಟು ಸಾಕೇ? ಎಂಟರಷ್ಟು ಬೇಕು. ಹಾಗೆಯೇ ಎರಡು ಇಂಚಿನ ಮೀನು ನಾಲ್ಕು ಇಂಚಾದಾಗ ತೂಕ ಸುಮಾರು ಎಂಟು ಪಟ್ಟು. ತಿನ್ನುವುದೂ ಹೆಚ್ಚು, ಹೊಲಸು ಮಾಡುವುದೂ ಹೆಚ್ಚು. ಆ ಹೊಲಸಿನಿಂದ ನೀರಿನಲ್ಲಿ ಅಮೋನಿಯಾ ಸೇರಿ ಮೀನಿನ ಕಿವಿರು ಸುಡುತ್ತದೆ. ನೀರು ನೋಡಲು ತಿಳಿಯಾಗಿಯೇ ಇರಬಹುದು, ವಿಷ ಕಣ್ಣಿಗೆ ಕಾಣುವುದಿಲ್ಲ.

ನಮ್ಮ ಸೀಮೆಯಲ್ಲಿ ಇನ್ನೊಂದು ತಾಪತ್ರಯ, ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುತ್ತದೆ. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಅದೇ ಹೊತ್ತಿಗೆ ಕರೆಂಟು ಹೋಗಿ ಗಾಳಿಯ ಪಂಪು ನಿಂತರೆ ತುಂಬಿದ ತೊಟ್ಟಿಯ ಮೀನು ತಡೆಯುವುದಿಲ್ಲ. ಬೆಳಗ್ಗೆ ಎದ್ದಾಗ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಹಸಿವೆಂದು ಕಾಳು ಹಾಕಬೇಡಿ, ಅವು ಉಸಿರಿಗೆ ಒದ್ದಾಡುತ್ತಿವೆ. ಗೋಲ್ಡ್ ಫಿಶ್ ಮೊದಲೇ ತಣ್ಣೀರಿನ ಮೀನು. ನನ್ನನ್ನು ಕೇಳಿದರೆ ನಮ್ಮ ಕಡೆಯ ಎರಡಡಿ ತೊಟ್ಟಿಗೆ ಅದು ಬೇಡವೇ ಬೇಡ. ಇನ್ನು ದುಂಡು ಗಾಜಿನ ಬುಡ್ಡಿಯ ಮಾತಂತೂ ಎತ್ತಲೇಬೇಡಿ. ಇಟಲಿಯ ರೋಮ್ ನಗರದವರು ಅಂಥ ಬುಡ್ಡಿಯಲ್ಲಿ ಗೋಲ್ಡ್ ಫಿಶ್ ಇಡುವುದನ್ನು 2005ರಲ್ಲಿ ನಿಷೇಧಿಸಿಯೇ ಬಿಟ್ಟರು.

ಹಾಗಾದರೆ ಏನು ತರಬೇಕು? ನಮ್ಮ ಬೋರಿನ ನೀರು ಗಡಸು. ಅದಕ್ಕೆ ಒಗ್ಗುವ ಸಣ್ಣ ಮೀನೆಂದರೆ ಗಪ್ಪಿ, ಪ್ಲಾಟಿ. ಮಾಲಿಯೂ ಒಗ್ಗುತ್ತದೆ, ಆದರೆ ಮೂರು ನಾಲ್ಕು ಇಂಚು ಬೆಳೆಯುವುದರಿಂದ ಎರಡಡಿಗೆ ದೊಡ್ಡದಾಯಿತು. ಪಟ್ಟೆಪಟ್ಟೆಯ ಝೀಬ್ರಾ ಮೀನು ನಮ್ಮ ಭಾರತದ್ದೇ, ಎರಡು ಇಂಚಿನೊಳಗೆ ನಿಲ್ಲುತ್ತದೆ, ಗಟ್ಟಿ ಜೀವ. ಗುಂಪಿನಲ್ಲಿ ಬದುಕುವ ಮೀನಾದ್ದರಿಂದ ಆರಕ್ಕೆ ಕಡಿಮೆ ತರಬಾರದು. ನಿಯಾನ್ ಟೆಟ್ರಾ ಎಷ್ಟು ಚಂದವಿದ್ದರೂ ಅದಕ್ಕೆ ಮೆದು ನೀರು ಬೇಕು. ಫೈಟರ್ ಗಂಡು ಮೀನಾದರೆ ಒಂದೇ ಸಾಕು, ಎರಡಿಟ್ಟರೆ ಕಾದಾಡಿ ಒಂದು ಸಾಯುತ್ತದೆ.

ಗಪ್ಪಿ ತರುವವರು ಗಂಡನ್ನು ಮಾತ್ರ ಆರಿಸಿ. ಬಣ್ಣದ ಬಾಲದ ಸಣ್ಣ ಮೀನು ಗಂಡು, ಅಂಥವು ಎಂಟಿದ್ದರೆ ಎರಡಡಿ ತೊಟ್ಟಿ ತುಂಬಿದ ಹಾಗೆ. ಹೊಟ್ಟೆ ಉಬ್ಬಿದ, ಮಾಸಲು ಬಣ್ಣದ ಹೆಣ್ಣು ಒಂದು ಬಂದರೂ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮರಿ ಹಾಕುತ್ತದೆ, ಒಂದು ಸೂಲಿಗೆ ಇಪ್ಪತ್ತು ಮೂವತ್ತು. ಅಂಗಡಿಯಲ್ಲಿ ಒಮ್ಮೆ ಗಂಡಿನ ಜೊತೆ ಕೂಡಿದ್ದರೆ ಆಮೇಲೆ ಗಂಡಿಲ್ಲದೆಯೂ ಹಲವು ತಿಂಗಳು ಹೆರುತ್ತಲೇ ಇರುತ್ತದೆ! ಮರಿ ಹೆಚ್ಚಾದರೆ ನೆರೆಮನೆಯ ಸಿಮೆಂಟಿನ ತೊಟ್ಟಿಗೆ ಕೊಡಬಹುದು, ಸೊಳ್ಳೆಮರಿ ತಿನ್ನುತ್ತವೆ. ಆರೋಗ್ಯ ಇಲಾಖೆಯವರು ಸೊಳ್ಳೆ ತಡೆಗೆಂದು ಬಿಡುವುದೂ ಇದೇ ಗಪ್ಪಿಯನ್ನು.

ಎಂಟು ಮೀನಿಗೆ ಜಾಗವಿದೆಯೆಂದು ಎಂಟನ್ನೂ ಒಂದೇ ದಿನ ಬಿಡಬಾರದು. ಹೊಸ ತೊಟ್ಟಿಯಲ್ಲಿ ಹೊಲಸನ್ನು ಕರಗಿಸುವ ಸೂಕ್ಷ್ಮಜೀವಿಗಳು ಹುಟ್ಟಿ ನೆಲೆಯಾಗಲು ನಾಲ್ಕಾರು ವಾರ ಬೇಕು. ಮೊದಲು ಎರಡು ಮೂರು ಬಿಟ್ಟು, ಉಳಿದವನ್ನು ಆಮೇಲೆ ತನ್ನಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಸಾಕು. ನಳದ ನೀರಾದರೆ ಬಕೆಟಿನಲ್ಲಿ ಒಂದು ದಿನ ಇಟ್ಟು ಹಾಕಬೇಕು.

ಈಗಾಗಲೇ ದೊಡ್ಡ ಮೀನು ಮನೆಗೆ ಬಂದಿದ್ದರೆ? ಪಾಪವೆನಿಸಿ ಕೆರೆಗೋ ಹೊಳೆಗೋ ಬಿಟ್ಟು ಬರುವವರಿದ್ದಾರೆ. ಪುಣ್ಯದ ಕೆಲಸವೆಂದೇ ತಿಳಿದಿರುತ್ತಾರೆ. ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು, ಹೀಗೆ ಬಿಟ್ಟಿದ್ದರಿಂದಲೇ ನಮ್ಮ ದೇಶದ ಎಷ್ಟೋ ಕೆರೆ ನದಿಗಳನ್ನು ಹೊಕ್ಕಿದೆ. 2020ರಲ್ಲಿ ವಾರಣಾಸಿಯ ಹತ್ತಿರ ಗಂಗೆಯಲ್ಲೂ ಬಲೆಗೆ ಸಿಕ್ಕು ಸುದ್ದಿಯಾಯಿತು. ಮುಳ್ಳಿನಿಂದ ಬಲೆ ಹರಿಯುತ್ತದೆ, ದಡ ಕೊರೆಯುತ್ತದೆ, ಊರ ಮೀನಿನ ಆಹಾರಕ್ಕೆ ಕೈ ಹಾಕುತ್ತದೆ. ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆ ತುಂಗಭದ್ರೆಯ ಹಿನ್ನೀರನ್ನೇ ನಂಬಿ ಬಲೆ ಬೀಸುವ ಸಂಸಾರಗಳಿವೆ, ಅವರ ಅನ್ನಕ್ಕೆ ನಮ್ಮ ಪಡಸಾಲೆಯ ಮೀನು ಕಲ್ಲು ಹಾಕಬಾರದು. ತಂದ ಅಂಗಡಿಗೇ ವಾಪಸು ಕೊಡಿ. ದುಡ್ಡು ಕೊಡದಿದ್ದರೂ ಮೀನನ್ನು ತೆಗೆದುಕೊಳ್ಳುತ್ತಾರೇನೋ ಕೇಳಿ. ಇಲ್ಲವೇ ನಾಲ್ಕಡಿ ಐದಡಿಯ ತೊಟ್ಟಿ ಇರುವವರ ಮನೆ ಹುಡುಕಿ ಕೊಟ್ಟುಬಿಡಿ. ಮುಂದಿನ ಸಲ ಅಂಗಡಿಗೆ ಹೋದಾಗ ಬೆಲೆ ಕೇಳುವ ಮೊದಲು "ಇದು ಎಷ್ಟುದ್ದ ಬೆಳಿತೈತಿ?" ಎಂದು ಕೇಳಿ, ಮನೆಯ ತೊಟ್ಟಿಯ ಅಳತೆ ಬರೆದ ಚೀಟಿ ಕೈಯಲ್ಲಿರಲಿ.