ನೋಯ್ಡಾದ ಫ್ಲ್ಯಾಟಿನಲ್ಲಿ ಮೈಸೂರಿನ ಸಂಜೆ

ದೆಹಲಿ, ಬೆಂಗಳೂರು ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ಒಂದು 77.2 ಡಿಗ್ರಿ, ಇನ್ನೊಂದು 77.6. ಹಾಗಾಗಿ ಎರಡೂ ಊರಿಗೆ ನಡುಹಗಲು ಬರುವುದು ಒಂದೆರಡು ನಿಮಿಷಗಳ ಅಂತರದಲ್ಲಿ. ವ್ಯತ್ಯಾಸವೆಲ್ಲ ಹಗಲಿನ ಎರಡು ತುದಿಗಳಲ್ಲಿ. ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಬೆಂಗಳೂರಿನಲ್ಲಿ ಸುಮಾರು ಒಂದೂವರೆ ಗಂಟೆಯ ಅಂತರವಾದರೆ, ದೆಹಲಿಯಲ್ಲಿ ಮೂರೂವರೆ ಗಂಟೆಗೂ ಹೆಚ್ಚು. ಡಿಸೆಂಬರ್ ಮೊದಲ ವಾರ ಇಲ್ಲಿ ಸಂಜೆ 5.25ಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಊರಿನಲ್ಲಿ ಇನ್ನೂ ಅರ್ಧ ಗಂಟೆಯ ಬಿಸಿಲು ಬಾಕಿ.

ಆಫೀಸಿಗೆ ಓಡುವ ನಾವು ಇದಕ್ಕೆ ಹೇಗೋ ಒಗ್ಗಿಕೊಳ್ಳುತ್ತೇವೆ. ಎಪ್ಪತ್ತು ದಾಟಿದ ಮೇಲೆ ಇಲ್ಲಿಗೆ ಬಂದವರ ಕಥೆ ಬೇರೆ. ಮಾವನವರು ಹೋದ ಮೇಲೆ ಅತ್ತೆ ಮೈಸೂರಿನ ಮನೆಗೆ ಬೀಗ ಹಾಕಿ ನಮ್ಮ ಜೊತೆ ನೋಯ್ಡಾಕ್ಕೆ ಬಂದರು. ಮೊದಲ ಚಳಿಗಾಲದಲ್ಲಿ, ಕತ್ತಲಾಯಿತಲ್ಲ ಎಂದು ಐದೂವರೆಗೇ ದೇವರಿಗೆ ದೀಪ ಹಚ್ಚಿ, ಬೇಗ ಊಟ ಮುಗಿಸಿ, ಎಂಟರೊಳಗೆ ಮಲಗಿಬಿಡುತ್ತಿದ್ದರು. ಎರಡೂವರೆಗೆ ಎಚ್ಚರ. ಅಡುಗೆಮನೆಯ ಟ್ಯೂಬ್‌ಲೈಟ್ ಹಾಕಿಕೊಂಡು, ಸ್ಟೂಲಿನ ಮೇಲೆ ಕೂತು, ಬೆಳಗಾಗುವುದನ್ನೇ ಕಾಯುವುದು. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ ಏಳೂಕಾಲಿಗೆ, ಅದೂ ಮಂಜು ಬಿಟ್ಟರೆ. ಮಾವನವರ ನೆನಪಿಗೆ ಅಷ್ಟು ಉದ್ದದ ಕತ್ತಲು ಒಳ್ಳೆಯದಲ್ಲ ಎಂದು ನಮಗೆ ಭಯವಾಗತೊಡಗಿತು.

ಡಾಕ್ಟರು ನಿದ್ದೆ ಮಾತ್ರೆ ಬರೆಯಲಿಲ್ಲ. ಮಧ್ಯಾಹ್ನದ ಮೇಲೆ ಬಿಸಿಲಲ್ಲಿ ಕೂರಿಸಿ, ಸಂಜೆ ಮನೆ ಬೆಳಗಿರಲಿ, ನಡುರಾತ್ರಿ ಟ್ಯೂಬ್‌ಲೈಟ್ ಬೇಡ ಎಂದರು. ಇದರ ಹಿಂದಿನ ಲೆಕ್ಕ ಸ್ವಾರಸ್ಯವಾಗಿದೆ. ನಮ್ಮ ಅಕ್ಷಿಪಟಲದಲ್ಲಿ ಮೆಲನಾಪ್ಸಿನ್ ಎಂಬ ವಸ್ತುವಿರುವ ಕೆಲವು ಜೀವಕೋಶಗಳಿವೆ. ನೀಲಿ ಅಂಶದ ಬೆಳಕು ಬಿದ್ದರೆ ಇವು ಮಿದುಳಿನ ಗಡಿಯಾರಕ್ಕೆ ಸುದ್ದಿ ಮುಟ್ಟಿಸುತ್ತವೆ. ಸಂಜೆ ಬಿದ್ದ ಬೆಳಕು ಆ ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ, ಬೆಳಗಿನ ಜಾವದ ಬೆಳಕು ಮುಂದಕ್ಕೆ. ಬಲ್ಬು ಒಂದೇ, ಹೊತ್ತು ಬೇರೆಯಾದರೆ ಕೆಲಸ ಉಲ್ಟಾ. ದೇಹದ ಗಡಿಯಾರದ ಒಳಗುಟ್ಟು ಬಿಡಿಸಿದವರಿಗೆ 2017ರಲ್ಲಿ ನೊಬೆಲ್ ಬಂತು. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದಲ್ಲೂ ಹಣ್ಣುನೊಣಗಳ ಮೇಲೆ ಇದೇ ವಿಷಯದ ಕೆಲಸ ನಡೆದಿದೆ.

ನಾನು ಮಾಡಿದ್ದು ಇಷ್ಟು. ಬಿಳಿಯಿಂದ ಹಳದಿಗೆ, ಅಂದರೆ 6500 ಕೆಲ್ವಿನ್‌ನಿಂದ 2700ಕ್ಕೆ ಇಳಿಯಬಲ್ಲ ಜಿಗ್ಬೀ ಬಲ್ಬುಗಳನ್ನು ತಂದೆ. ಪುಟ್ಟ ರಾಸ್ಪ್‌ಬೆರಿ ಪೈ ಕಂಪ್ಯೂಟರಿಗೆ ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶ ಹಾಕಿದೆ. ಊರಿನ ಅಕ್ಷಾಂಶ, ರೇಖಾಂಶ ಕೊಟ್ಟರೆ ಸೂರ್ಯ ಈಗ ಎಲ್ಲಿದ್ದಾನೆ ಎಂದು ಅದೇ ಲೆಕ್ಕ ಹಾಕುತ್ತದೆ. ನಾನು ನೋಯ್ಡಾದ್ದಲ್ಲ, ಮೈಸೂರಿನದನ್ನು ಕೊಟ್ಟೆ. ಹೊರಗೆ ಬೆಳಕು ಇಳಿಯುವಾಗ ನಮ್ಮ ಹಾಲ್ ಮೆಲ್ಲಗೆ ಬೆಳಗುತ್ತದೆ. ಆರರ ಹೊತ್ತಿಗೆ ಮೈಸೂರಿನಲ್ಲಿ ಸಂಜೆಯಾದ ಮೇಲೆ ಹಳದಿಗೆ ತಿರುಗಿ, ಒಂಬತ್ತೂವರೆಗೆ ಮಂಕಾಗುತ್ತದೆ. ‘ಯಾಕಮ್ಮ, ಬಲ್ಬು ಹೋಗ್ತಾ ಇದೆಯಾ?’ ಎಂದು ಅತ್ತೆ ಮೊದಲ ವಾರವೆಲ್ಲ ಕೇಳಿದರು.

ಮಾಡಹೊರಟವರಿಗೆ ಒಂದೆರಡು ಮಾತು. ಕಣ್ಣು ಬೆಳಕನ್ನು ಶೇಕಡಾ ಲೆಕ್ಕದಲ್ಲಿ ಅಳೆಯುವುದಿಲ್ಲ. ಶೇ. 80ರಿಂದ 100ಕ್ಕೆ ಏರಿದ್ದು ಗೊತ್ತೇ ಆಗದು, 1ರಿಂದ 5ಕ್ಕೆ ಏರಿದರೆ ಧಿಗ್ಗನೆ ಹತ್ತಿದಂತೆ. ಆದ್ದರಿಂದ ಕೆಳಗಿನ ಮೆಟ್ಟಿಲುಗಳು ತೀರಾ ಸಣ್ಣವಿರಲಿ. ಎರಡನೆಯದು ನಮ್ಮ ಕಡೆಯ ಜನರೇಟರ್. ರಾತ್ರಿ ಕರೆಂಟು ಹೋಗಿ ಸೊಸೈಟಿಯ ಜನರೇಟರ್ ಬಂದೊಡನೆ ಇಂಥ ಎಷ್ಟೋ ಬಲ್ಬುಗಳು ತಾವಾಗಿಯೇ ಪೂರ್ತಿ ಹತ್ತಿಕೊಳ್ಳುತ್ತವೆ. ಎರಡು ಗಂಟೆ ರಾತ್ರಿಯಲ್ಲಿ ಮನೆಯೆಲ್ಲ ಹಗಲು! ಕರೆಂಟು ಬಂದಾಗ ಹಿಂದಿನ ಸ್ಥಿತಿಗೇ ಮರಳುವಂತೆ ಮಾಡುವ ಆಯ್ಕೆ ಇದೆಯೇ ಎಂದು ನೋಡಿಯೇ ಕೊಳ್ಳಿ. ಇನ್ನು, ಗೋಡೆಯ ಸ್ವಿಚ್ಚು ಆರಿಸಿದರೆ ಬಲ್ಬಿಗೆ ಯಾವ ಅಪ್ಪಣೆಯೂ ತಲುಪದು. ರೂಮಿನಿಂದ ಹೊರಡುವಾಗ ಲೈಟ್ ಆರಿಸುವುದು ಅತ್ತೆಯ ಐವತ್ತು ವರ್ಷಗಳ ಅಭ್ಯಾಸ. ಅದನ್ನು ಬಿಡಿ ಎನ್ನುವ ಬದಲು ಸ್ವಿಚ್ಚಿನ ಮೇಲೆ ನಿಸ್ತಂತು ಗುಂಡಿ ಕೂರಿಸಿದೆ. ಒತ್ತಿದರೆ ಆರುತ್ತದೆ, ಬಲ್ಬಿನ ಸಂಪರ್ಕ ಉಳಿಯುತ್ತದೆ. ಹಿರಿಯರು ಕೈ ಚಾಚಿ ದೀಪ ಆರಿಸಲಾಗದ ಮನೆಯನ್ನು ಸ್ಮಾರ್ಟ್ ಎಂದು ನಾನಂತೂ ಕರೆಯಲಾರೆ.

ಈ ಚಳಿಗಾಲದಲ್ಲಿ ಅತ್ತೆ ಹತ್ತಕ್ಕೆ ಮಲಗಿ ಐದಕ್ಕೆ ಏಳುತ್ತಿದ್ದಾರೆ; ಮೈಸೂರಿನಲ್ಲೂ ಏಳುತ್ತಿದ್ದದ್ದು ಐದಕ್ಕೇ. ಹೆಚ್ಚಿನ ಪಾಲು ಬಾಲ್ಕನಿಯ ನಾಲ್ಕರ ಬಿಸಿಲಿಗೆ ಸಲ್ಲಬೇಕು ಎಂಬುದು ನನ್ನ ಎಣಿಕೆ. ಹೊರಗಿನ ಬೆಳಕು ಸಾವಿರಾರು ಲಕ್ಸ್, ನಮ್ಮ ಹಾಲಿನದು ಇನ್ನೂರು ಮುನ್ನೂರು. ಜೂನಿನಲ್ಲಿ ಲೆಕ್ಕ ತಿರುಗುತ್ತದೆ. ಆಗ ಇಲ್ಲಿ ಐದೂವರೆಗೆ ಮೊದಲೇ ಸೂರ್ಯ ಹುಟ್ಟಿ, ಊರಿಗಿಂತ ಅರ್ಧ ಗಂಟೆ ಮುಂಚೆ ಕಿಟಕಿ ಬಡಿಯುತ್ತಾನೆ. ಅದಕ್ಕೆ ಬಲ್ಬು ಏನೂ ಮಾಡಲಾರದು. ದಪ್ಪ ಪರದೆ ಹೊಲಿಸಲು ಕೊಟ್ಟಿದ್ದೇವೆ.